ದಬ್ಬಳ ಚುಚ್ಚಿಟ್ಟ ಕೈ

ಹತ್ತಕ್ಕನಿಗೆ ಇರುವೆ ಕಚ್ಚಿದರೆ ಸಂಜೆ ಹೊತ್ತಿಗೆ ಅದು ಆನೆ ತುಳಿದ ಸುದ್ದಿಯಾಗಿರುತ್ತಿತ್ತು. ಒಂದನ್ನು ಹತ್ತು ಮಾಡಿ ಹೇಳುವವಳು ಅಂತಲೇ ಬೀದಿಯವರು ಆ ಹೆಸರು ಇಟ್ಟಿದ್ದು. ಹೆತ್ತವರು ಇಟ್ಟ ಹೆಸರು ತನಗೇ ಮರೆತುಹೋಗಿದೆ ಎಂದು ಅವಳು ಹೇಳಿಕೊಳ್ಳುತ್ತಿದ್ದಳು, ಅದೂ ಆ ಹತ್ತರಲ್ಲಿ ಒಂದು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಅಪ್ಪನ ಹಾಸಿಗೆ ಅಂಗಡಿಯಲ್ಲಿ ತಮ್ಮನ ಜೊತೆ ಹಾಸಿಗೆ ಹೊಲಿಯುತ್ತಲೇ ತಲೆ ನರೆಸಿಕೊಂಡವಳು.

"ನಮ್ಮ ಹಾಸಿಗೆ ಮೇಲೆ ಮಲಗಿದೋರು ಏಳೋದೇ ಇಲ್ಲ. ಮನೆಯೋರು ಸತ್ತೇಹೋದ ಅಂತ ಅಳೋಕೆ ಶುರು ಮಾಡಿರ್ತಾರೆ, ಆಮೇಲೆ ಎದ್ದು ಕೂತು ಊಟ ಆಯ್ತಾ ಅಂತ ಕೇಳ್ತಾರೆ" ಎಂದು ಅವಳು ಹೇಳಿದರೆ ಗಿರಾಕಿಗಳು ನಗುತ್ತಲೇ ಹಾಸಿಗೆ ಹೊತ್ತುಕೊಂಡು ಹೋಗುತ್ತಿದ್ದರು.

ಅಂಥ ಬಾಯಿಗೆ ಬೀಗ ಬಿದ್ದದ್ದು ಹೇಗೆ ಅಂತ ಈಗ ಹೇಳಬೇಕು.

ಮುಂದೆ ಅಂಗಡಿ, ಹಿಂದೆ ಕೆಲಸದ ಕೋಣೆ, ಮೇಲೆ ಮನೆ. ಹಿಂದಿನ ಕೋಣೆಯಲ್ಲಿ ಹತ್ತಿ ಹಿಂಜುವ ಯಂತ್ರ, ಮೂಲೆಗೆ ಸೂರು ಮುಟ್ಟುವ ಹತ್ತಿಯ ರಾಶಿ, ನಡುವೆ ಮರದ ದೊಡ್ಡ ಚೌಕಟ್ಟು. ಹತ್ತಿ ತುಂಬಿದ ಹಾಸಿಗೆಯನ್ನು ಆ ಚೌಕಟ್ಟಿನಲ್ಲಿ ಗೋಡೆಯ ಹಾಗೆ ನಿಲ್ಲಿಸಿ, ಆಚೆ ಒಬ್ಬರು ಈಚೆ ಒಬ್ಬರು ಕೂರುತ್ತಾರೆ. ಮೊಳದುದ್ದದ ದಬ್ಬಳ, ಅದಕ್ಕೆ ದಪ್ಪ ದಾರ. ಈಚೆಯವರು ಚುಚ್ಚಿದ್ದನ್ನು ಆಚೆಯವರು ಎಳೆದುಕೊಂಡು, ಒಂದು ಬೆರಳು ಪಕ್ಕಕ್ಕೆ ಚುಚ್ಚಿ ತಿರುಗಿ ಕಳಿಸಬೇಕು. ನಡುವೆ ಹಾಸಿಗೆ ನಿಂತಿರುವುದರಿಂದ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಅದಕ್ಕೇ ಅಪ್ಪ ಒಂದು ಕಟ್ಟಪ್ಪಣೆ ಮಾಡಿಟ್ಟಿದ್ದ: ತಟ್ಟದೆ ಚುಚ್ಚಬಾರದು. ಚುಚ್ಚುವ ಮೊದಲು ಅಂಗೈಯಲ್ಲಿ ಹಾಸಿಗೆಗೆ ಒಮ್ಮೆ ತಟ್ಟಬೇಕು. ಆಚೆಯವರು ಮುಖ ಹಿಂದಕ್ಕೆ ಎಳೆದುಕೊಂಡು ತಾವೂ ತಟ್ಟಬೇಕು. ಆಮೇಲೆ ದಬ್ಬಳ. ಅಕ್ಕ ತಮ್ಮ ಇಬ್ಬರೂ ಅಮ್ಮ ಅನ್ನುವುದಕ್ಕೆ ಮೊದಲೇ ತಟ್ಟಲು ಕಲಿತವರು.

ತಮ್ಮನಿಗೆ ಮಾತು ಕಡಿಮೆ. ಹುಟ್ಟುವಾಗ ಅವನ ಪಾಲಿನ ಮಾತನ್ನೂ ಅಕ್ಕನೇ ಬಾಚಿಕೊಂಡು ಮುಂಚಿತವಾಗಿ ಬಂದುಬಿಟ್ಟಿದ್ದಳು ಎಂದು ಅಮ್ಮ ಹೇಳುತ್ತಿದ್ದಳಂತೆ. ಬೈದರೂ ತಲೆಯಾಡಿಸುವ, ಹೊಗಳಿದರೂ ತಲೆಯಾಡಿಸುವ ಆ ಗಂಡಸು ಒಂದು ಮಧ್ಯಾಹ್ನ, ಹಾಸಿಗೆ ತಡವಾಯಿತೆಂದು ಫೋನಿನಲ್ಲಿ ಯಾರೋ ಕೂಗಾಡುತ್ತಿದ್ದುದನ್ನು ಪೂರ್ತಿ ಕೇಳಿ, "ಆಯ್ತು ಸಾರ್" ಎಂದು ಫೋನಿಟ್ಟು, ನಿಂತ ಜಾಗದಲ್ಲೇ ಕುಸಿದುಬಿದ್ದ. ಕೈಕಾಲು ಅದುರಿದವು, ತಲೆ ಆಚೆಗೂ ಈಚೆಗೂ ಹೊರಳಿತು, ಕಣ್ಣು ಬಿಗಿಯಾಗಿ ಮುಚ್ಚಿತ್ತು. ಬೀದಿಯವರೆಲ್ಲ ನುಗ್ಗಿ ಒಬ್ಬೊಬ್ಬರು ಒಂದೊಂದು ಕೈಕಾಲು ಅದುಮಿ ಹಿಡಿದರು. ಯಾರೋ ಬಾಯಿಗೆ ಚಮಚ ತುರುಕಿ ತುಟಿ ಹರಿದರು. ಬಹಳ ಹೊತ್ತಿನ ಮೇಲೆ ಎಚ್ಚರವಾಗಿ, ಗೋಡೆಗೆ ಮುಖ ಮಾಡಿ ಅಳುತ್ತಾ ಮಲಗಿದ.

ಹತ್ತಕ್ಕ ಹೊರಗೆ ಬಂದು ವರದಿ ಕೊಟ್ಟಳು. "ಆಳುದ್ದ ಮೇಲೆ ಹಾರಿದ ಕಣ್ರೀ. ಬೀದಿ ಕೊನೆ ಮನೆಯೋರ ಪಾತ್ರೆ ಎಲ್ಲ ಉದುರಿದ್ವಂತೆ."

ಅದು ಮತ್ತೆ ಬಂತು, ಮತ್ತೆ ಮತ್ತೆ ಬಂತು. ಹಾಸಿಗೆಯವರಿಗೆ ಕಷ್ಟ ಬಂದರೆ ಏನು ಮಾಡುತ್ತಾರೆ? ಹಾಸಿಗೆ ಹಾಸುತ್ತಾರೆ. ಹತ್ತಕ್ಕ ಅಡುಗೆಮನೆಗೆ ಹಾಸಿದಳು, ಮೆಟ್ಟಿಲಿಗೆ ಹಾಸಿದಳು, ಬಚ್ಚಲ ಬಾಗಿಲಿಗೆ ಹಾಸಿದಳು. ಮೇಜಿನ ಮೂಲೆಗಳಿಗೆ ಹತ್ತಿಯ ಟೋಪಿ ಹೊಲಿದು ಹಾಕಿದಳು. ಫೋನಿಗೂ ಒಂದು ಹತ್ತಿಯ ಚೀಲ ಹೊಲಿದಳು, ಅದು ಬಡಿದುಕೊಂಡರೆ ಬಾವಿಯೊಳಗಿನ ಕಪ್ಪೆ ಕೂಗಿದಂತೆ ಕೇಳುತ್ತಿತ್ತು. ಮನೆಯವರೆಲ್ಲ ಬಾತುಕೋಳಿಗಳ ಹಾಗೆ ಓಲಾಡುತ್ತಾ ನಡೆಯತೊಡಗಿದರು.

"ಅತ್ತಿಗೆ, ಬೆಕ್ಕು ಬೀರು ಮೇಲಿಂದ ಹಾರಿ ನೆಲ ಸಿಗದೆ ಗಾಬರಿ ಬಿತ್ತು" ಎಂದಳು ತಮ್ಮನ ಹೆಂಡತಿ. "ಈಗ ಬೀರು ಮೇಲೇ ಇರುತ್ತೆ. ಊಟಾನೂ ಅಲ್ಲಿಗೇ ಕೊಡ್ತಿದೀನಿ."

"ಅದಕ್ಕೂ ಒಂದು ಹಾಸಿಗೆ ಹೊಲಿದು ಅಲ್ಲೇ ಇಡು."

ತಮ್ಮನಿಗೆ ಫೋನು ಎತ್ತಬೇಡ ಎಂದರು. ಗಿರಾಕಿಗಳ ಮುಂದೆ ಬರಬೇಡ, ಯಂತ್ರ ಮುಟ್ಟಬೇಡ, ಮೆಟ್ಟಿಲು ಒಬ್ಬನೇ ಹತ್ತಬೇಡ ಎಂದರು. ಗಾಜಿನ ಸಾಮಾನಿನ ಹಾಗೆ ಅವನನ್ನು ಹತ್ತಿಯಲ್ಲಿ ಸುತ್ತಿಟ್ಟರು. ಅವನು ಇನ್ನೂ ಹೆಚ್ಚು ಬೀಳತೊಡಗಿದ.

ಎದುರಿಗೆ ಬೀಗದ ಅಂಗಡಿ. ಕಿವಿಗೆ ಮಾತ್ರ ಬೀಗ ಹಾಕದ ಬೀಗದವನು ಹತ್ತಕ್ಕನ ಕಥೆಗಳಿಗೆ ಖಾಯಂ ಗಿರಾಕಿ. ಒಂದು ದಿನ ಅವನು ಕೀಲಿಗೆ ಅರ ಹಾಕುತ್ತಾ ಬೀದಿಯ ಈ ಬದಿಗೆ ಕೇಳುವಂತೆ ಹೇಳಿದ, "ಅಲ್ಲ ಹತ್ತಕ್ಕ, ನಿನ್ನ ತಮ್ಮ ಬೀಳೋದೆಲ್ಲ ಮೆತ್ತಗಿರೋ ಜಾಗಕ್ಕೇ ಅಲ್ವಾ? ಅಷ್ಟು ಹಾಸಿಗೆ ಇದ್ರೆ ನಾನೂ ದಿನಾ ಬೀಳ್ತಿದ್ದೆ. ಒಳ್ಳೇ ನಾಟಕ."

"ನೀನು ಬಿದ್ರೆ ಎತ್ತೋಕೆ ಕ್ರೇನ್ ತರಿಸ್ಬೇಕು, ಸುಮ್ನೆ ಕೀಲಿ ಉಜ್ಜು" ಎಂದಳು ಹತ್ತಕ್ಕ. ಮನೆಯಲ್ಲಿ ಗಟ್ಟಿ ಜಾಗವೇ ಉಳಿದಿಲ್ಲ, ಮೆತ್ತಗಿನ ಜಾಗಕ್ಕಲ್ಲದೆ ಇನ್ನೆಲ್ಲಿಗೆ ಬೀಳಬೇಕು ಎಂದು ಆಮೇಲೆ ಹೊಳೆಯಿತು. ಅಷ್ಟರಲ್ಲಿ ಒಳಗೆ ಕುಳಿತಿದ್ದ ತಮ್ಮ ಆ ಮಾತು ಕೇಳಿಸಿಕೊಂಡಾಗಿತ್ತು.

ಕೊನೆಗೆ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಸಣ್ಣ ದನಿಯ ಡಾಕ್ಟರಮ್ಮ ಅವನ ತಲೆತುಂಬ ವೈರು ಅಂಟಿಸಿ, ಕ್ಯಾಮೆರಾ ಇಟ್ಟು ಮಲಗಿಸಿದಳು. ಅಲ್ಲೇ ಅವನಿಗೆ ಅದು ಬಂತು. ಎಲ್ಲ ನೋಡಿದ ಮೇಲೆ ಡಾಕ್ಟರಮ್ಮ ಅವನೆದುರು ಕುರ್ಚಿ ಎಳೆದುಕೊಂಡು ಕೂತಳು.

"ನೋಡಿ, ಮೂರ್ಛೆರೋಗದಲ್ಲಿ ಮೆದುಳಲ್ಲಿ ಕರೆಂಟಿನ ಗಲಾಟೆ ಕಾಣ್ಸುತ್ತೆ. ನಿಮ್ಮದರಲ್ಲಿ ಅದಿಲ್ಲ. ನಿಮಗೆ ಬರ್ತಿರೋದು ಒತ್ತಡದಿಂದ. ಬೇಕು ಅಂತ ಮಾಡ್ತಿರೋದಲ್ಲ, ಅದು ನಿಮ್ಮ ಕೈಲಿಲ್ಲ. ಆದ್ರೆ ಮೂರ್ಛೆ ಮಾತ್ರೆ ಇದಕ್ಕೆ ನಾಟೋದಿಲ್ಲ. ವಾರಕ್ಕೊಂದ್ಸಲ ಬಂದು ನನ್ನ ಜೊತೆ ಕೂತು ಮಾತಾಡ್ಬೇಕು, ಕೆಲವು ಅಭ್ಯಾಸ ಕಲೀಬೇಕು. ತುಂಬಾ ಜನಕ್ಕೆ ಇದರಿಂದ ಕಡಿಮೆ ಆಗಿದೆ."

ಅವಳು ಹೇಳಿದ್ದು ಅಷ್ಟು. ಅವನಿಗೆ ಕೇಳಿಸಿದ್ದು ಒಂದೇ: ಇಲ್ಲ. ಕೂದಲಲ್ಲಿ ಅಂಟು ಮೆತ್ತಿಕೊಂಡಿದ್ದಂತೆಯೇ ಎದ್ದು ಹೊರಗೆ ಬಂದ.

"ಮೆದುಳಲ್ಲಿ ಏನೂ ಇಲ್ವಂತೆ" ಎಂದ.

"ನಿನ್ನ ಮೆದುಳಲ್ಲಿ ಏನೂ ಇಲ್ಲ ಅಂತ ನಾನು ಚಿಕ್ಕಂದಿನಿಂದ ಹೇಳ್ತಿರಲಿಲ್ವೇನೋ" ಎಂದಳು ಹತ್ತಕ್ಕ. ಹುಟ್ಟಿದಾಗಿನಿಂದ ಅವಳ ಮಾತಿಗೆ ನಗದೆ ಇದ್ದವನಲ್ಲ, ಅಂದು ನಗಲಿಲ್ಲ.

"ಹಾಗಾದ್ರೆ ನಾನೇ ಆಡ್ತಿರೋದು. ಬೀಗದವನು ಹೇಳಿದ್ದೇ ಸರಿ. ಇನ್ನೊಂದ್ಸಲ ಇಲ್ಲಿಗೆ ಬರಲ್ಲ ಅಕ್ಕ. ಬಂದ್ರೆ ನಾಟಕ ಅಂತ ಒಪ್ಕೊಂಡ ಹಾಗೆ."

ಹತ್ತಕ್ಕ ಒಳಗೆ ಹೋಗಿ ಡಾಕ್ಟರಮ್ಮನ ಮೇಜು ಹಿಡಿದು ನಿಂತಳು. ತಮ್ಮ ಆಳುದ್ದ ಹಾರುವುದು, ಪಾತ್ರೆ ಉದುರುವುದು, ಗೋಡೆ ಬಿರುಕು ಬಿಡುವುದು ಎಲ್ಲ ಹೇಳಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು.

"ಅಮ್ಮ, ಅವರಿಗೆ ಮನಸ್ಸು ಬಂದು ಅವರೇ ಬರ್ಬೇಕು, ಎಳ್ಕೊಂಡು ಬಂದ್ರೆ ಉಪಯೋಗ ಇಲ್ಲ. ನೀವು ಒಂದು ಮಾಡಿ. ಮುಂದಿನ ಸಲ ಬಂದಾಗ ಹಿಡೀಬೇಡಿ, ಬಾಯಿಗೆ ಏನೂ ಇಡಬೇಡಿ. ಪೆಟ್ಟಾಗೋ ಸಾಮಾನು ಸರಿಸಿ, ಹತ್ರ ಕೂತು, ನಾನಿದೀನಿ ಅಂತ ಮೆಲ್ಲಗೆ ಹೇಳಿ. ಆಮೇಲೆ ನೋಡಿ. ಬರೀ ನೋಡಿ. ಕಣ್ಣಿಗೆ ಕಂಡಷ್ಟೇ, ಸೇರಿಸ್ಬೇಡಿ."

ಹತ್ತಕ್ಕನಿಗೆ ಹೀಗೆ ಹೇಳುವುದೂ ಒಂದೇ, ಮೀನಿಗೆ ನೆನೆಯದೆ ಈಜು ಅನ್ನುವುದೂ ಒಂದೇ. ಆದರೂ ತಲೆಯಾಡಿಸಿದಳು.

ತಮ್ಮ ಹಠಕ್ಕೆ ಬಿದ್ದ. ತನಗೇನೂ ಇಲ್ಲ ಎಂದು ತೋರಿಸಬೇಕಿತ್ತಲ್ಲ, ಯಾರಿಗೂ ಹೇಳದೆ ಒಂದು ಹಾಸಿಗೆ ತಲೆಮೇಲೆ ಹೊತ್ತು ಗಿರಾಕಿಯ ಮನೆಗೆ ಹೊರಟ. ದೊಡ್ಡ ರಸ್ತೆ ದಾಟುವಾಗ ನಡುದಾರಿಯಲ್ಲಿ ಬಿದ್ದ. ಹಾಸಿಗೆ ಮೊದಲು ಬಿತ್ತು, ಅದರ ಮೇಲೆ ಇವನು. ಲಾರಿಯೊಂದು ಕಿರುಚಿ ನಿಂತಿತು, ಅದರ ಚಕ್ರ ಹಾಸಿಗೆಯ ಅಂಚು ಕಚ್ಚಿತ್ತು.

ತಮ್ಮನ ಹೆಂಡತಿ ಆ ಅಂಚಿನ ಕರಿ ಗುರುತನ್ನು ಸೋಪು ಹಾಕಿ ಉಜ್ಜುತ್ತಲೇ ಇದ್ದಳು. "ಅತ್ತಿಗೆ, ಲಾರಿಯವನು ಬ್ರೇಕ್ ಹಾಕಿದ್ದು ಹಾಸಿಗೆ ನೋಡಿ. ಇವರನ್ನ ನೋಡಿ ಅಲ್ಲ. ಇನ್ನೊಂದ್ಸಲ ಕೈ ಬೀಸ್ಕೊಂಡು ಹೋಗ್ತಿರ್ತಾರೆ. ಆಗ?"

ಹತ್ತಕ್ಕ ಸೋಪು ಕಿತ್ತುಕೊಂಡು ತಾನೇ ಉಜ್ಜತೊಡಗಿದಳು. ಊರು ಕೇರಿಗೆಲ್ಲ ಹಾಸಿಗೆ ಹಾಸಲು ಜಗತ್ತಿನಲ್ಲಿ ಅಷ್ಟು ಹತ್ತಿ ಇಲ್ಲ. ತಮ್ಮ ಆ ಡಾಕ್ಟರಮ್ಮನ ಮುಂದೆ ಕೂರಬೇಕು, ಇಲ್ಲವೇ ಒಂದು ದಿನ ಹಾಸಿಗೆಯಿಲ್ಲದ ರಸ್ತೆಯಲ್ಲಿ ಬೀಳಬೇಕು. ನಡುವೆ ಮೂರನೆಯ ದಾರಿ ಇರಲಿಲ್ಲ. "ಹೋಗೋ" ಎಂದು ಬೈದಳು, ಬೇಡಿದಳು, ಊಟ ಬಿಟ್ಟಳು, ಅವನು ಮಲಗಿದ ಮೇಲೆ ಮರೆಯಲ್ಲಿ ತಿಂದಳು. ಅವನು ಜಗ್ಗಲಿಲ್ಲ.

ಅವನಿಗೆ ಉಳಿದಿದ್ದ ಕೆಲಸ ಚೌಕಟ್ಟಿನ ಮುಂದೆ ಕೂತು ದಬ್ಬಳ ಆಡಿಸುವುದೊಂದೇ. ಅದನ್ನೂ ಬೇಡ ಎಂದಾಗ ಅವನು ನೋಡಿದ ನೋಟಕ್ಕೆ ಹತ್ತಕ್ಕ ಆ ಮಾತು ವಾಪಸು ತೆಗೆದುಕೊಂಡಿದ್ದಳು. ಹಾಗೆ ಒಂದು ಬೆಳಗ್ಗೆ ಇಬ್ಬರೂ ಹೊಲಿಯುತ್ತಿದ್ದರು. ತಟ್ಟು, ತಟ್ಟು, ದಬ್ಬಳ. ತಟ್ಟು, ತಟ್ಟು, ದಬ್ಬಳ. ಕಿಟಕಿಯ ಬಿಸಿಲಿನಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು. ಮುಂದಿನ ಅಂಗಡಿಯಲ್ಲಿ ಯಾರೋ ಗಿರಾಕಿ ದನಿ ಎತ್ತಿ ಕೂಗಾಡತೊಡಗಿದ. ಆಚೆಯಿಂದ ಬರಬೇಕಾದ ದಬ್ಬಳ ಬರಲಿಲ್ಲ.

ಹತ್ತಕ್ಕ ಹಾಸಿಗೆಯ ಅಂಚಿನಿಂದ ಇಣುಕಿದಳು.

ತಮ್ಮನ ಮುಖ ದೂರದಲ್ಲಿ ಯಾರೋ ಕರೆದದ್ದನ್ನು ಕೇಳುತ್ತಿರುವಂತಿತ್ತು. ಕಣ್ಣು ಅರೆಮುಚ್ಚಿತ್ತು. ಎಡಗೈ ಆಗಲೇ ನಡುಗುತ್ತಿತ್ತು. ಹಿಡಿಯಲು ಧಾವಿಸಿದವಳು ಡಾಕ್ಟರಮ್ಮನ ಮಾತು ನೆನಪಾಗಿ ನಿಂತಳು. ಅವಳ ಕಣ್ಣ ಮುಂದೆಯೇ ಅವನ ಬಲಗೈ ಒಂದು ಕೆಲಸ ಮಾಡಿತು. ಅದು ನಡುಗುತ್ತಿರಲಿಲ್ಲ. ಅಂಗೈ ಬಿಚ್ಚಿ ಹಾಸಿಗೆಗೆ ಒಮ್ಮೆ ತಟ್ಟಿತು. ಆಮೇಲೆ ದಬ್ಬಳವನ್ನು ಓರೆಯಾಗಿ, ಮೊನೆ ಆಚೆ ಬದಿಗೆ ಬಾರದಂತೆ ಹತ್ತಿಯೊಳಗೇ ಉಳಿಯುವಂತೆ, ದಾರದ ಕಣ್ಣಿನವರೆಗೂ ಒಳಗೆ ಚುಚ್ಚಿಟ್ಟಿತು. ಮಗುವನ್ನು ಮಲಗಿಸಿ ಹೊದಿಸಿದಷ್ಟು ನಿಧಾನವಾಗಿ. ಅದಾದ ಮೇಲೆಯೇ ಆ ಕೈಯೂ ನಡುಗಿತು, ಅವನು ಜಾರಿಬಿದ್ದ.

ಹತ್ತಕ್ಕ ಕತ್ತರಿಯನ್ನು ದೂರ ಸರಿಸಿ ಅವನ ಪಕ್ಕದಲ್ಲಿ ನೆಲಕ್ಕೆ ಕೂತಳು. "ನಾನಿದೀನಿ ಕಣೋ" ಎಂದಳು. ಆಮೇಲೆ ನೋಡಿದಳು.

ಅವನು ಆಳುದ್ದ ಹಾರಲಿಲ್ಲ. ಯಾರ ಮನೆಯ ಪಾತ್ರೆಯೂ ಉದುರಲಿಲ್ಲ. ತಾನು ಎತ್ತಿ ಆಡಿಸಿದ ತಮ್ಮ, ಈಗ ಮೀಸೆ ಬೆಳ್ಳಗಾದ ಒಬ್ಬ ಬಡಕಲು ಗಂಡಸು, ನೆಲದ ಮೇಲೆ ಮಲಗಿ ನಡುಗುತ್ತಿದ್ದ, ಅಷ್ಟೇ. ಕೋಣೆಯಲ್ಲಿ ಗಾಳಿಯೇ ಇರಲಿಲ್ಲ, ಒಂದೇ ಒಂದು ಮರಕ್ಕೆ ಮಾತ್ರ ಬಿರುಗಾಳಿ ಹಿಡಿದಿತ್ತು. ಎಲ್ಲಿಂದ ಬಂತು ಆ ಗಾಳಿ? ಇಷ್ಟು ದಿನ ಈ ಮೌನಿಯ ಯಾವ ಮೂಲೆಯಲ್ಲಿ ಅಡಗಿತ್ತು? ಅದುರುವ ಹೆಗಲು, ಹೊರಳುವ ತಲೆ, ಕೂದಲಿಗೆ ಅಂಟಿದ ಒಂದು ಹತ್ತಿ ಎಳೆ. ಅವಳ ನಾಲಿಗೆ ಅಭ್ಯಾಸದಂತೆ ಸೇರಿಸಲು ಏನಾದರೂ ಹುಡುಕಿತು. ಏನೂ ಸಿಗಲಿಲ್ಲ. ಇದ್ದದ್ದೇ ಇಷ್ಟು ದೊಡ್ಡದಾಗಿರುವಾಗ ಸೇರಿಸುವುದಕ್ಕೆ ಜಾಗವೆಲ್ಲಿ? ಹುಟ್ಟು ನೋಡಿದ್ದಳು, ಸಾವು ನೋಡಿದ್ದಳು, ಎರಡರ ಮುಂದೆಯೂ ಅವಳ ಬಾಯಿ ಬಿಡುವಿಲ್ಲದೆ ಆಡಿತ್ತು. ಇದರ ಮುಂದೆ ಅದು ಸುಮ್ಮನಾಯಿತು. ಕಣ್ಣಂಚಿನಲ್ಲಿ ಹಾಸಿಗೆಯಿಂದ ಇಣುಕುತ್ತಿದ್ದ ದಬ್ಬಳದ ಕಣ್ಣು ಹೊಳೆಯುತ್ತಿತ್ತು. ಬಿರುಗಾಳಿ ಬಂದಾಗಲೂ ದೀಪ ತೆಗೆದು ಒಳಗಿಟ್ಟವರು ಯಾರು?

ನಡುಕ ತಾನಾಗಿ ಇಳಿಯಿತು. ಯಾರೂ ಅದುಮದೆ, ಚಮಚವಿಲ್ಲದೆ, ಬಂದ ಹಾಗೇ ಹೋಯಿತು.

ಸಂಜೆ ಬೀಗದವನು ಕರೆದ. "ಹತ್ತಕ್ಕ, ಬೆಳಗ್ಗೆ ಮತ್ತೆ ಆಯ್ತಂತೆ. ಇವತ್ತು ಎಷ್ಟು ಮನೆ ಬಿತ್ತು?"

ಹತ್ತಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೀಗದವನು ಅರ ಹಿಡಿದ ಕೈ ಎತ್ತಿದ ಹಾಗೇ ಬಾಯಿ ತೆರೆದು ಕೂತಿದ್ದ.

ಅವಳಿಗೆ ಹೆದರಿಕೆ ಹತ್ತಿದ್ದು ಆಮೇಲೆ. ದಬ್ಬಳದ ವಿಷಯ ತಮ್ಮನಿಗೆ ಹೇಳಿದರೆ, 'ನೋಡು, ಅಷ್ಟು ಗ್ಯಾನ ಇತ್ತು ಅಂದ್ರೆ ನಾಟಕಾನೇ' ಎಂದುಬಿಟ್ಟರೆ? ಬೀಗದವನಿಗೆ ಗೊತ್ತಾದರಂತೂ ಡಂಗುರ ಹೊಡೆಯುತ್ತಾನೆ. ಹೇಳದಿದ್ದರೆ ಇವನು ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ. ಜನ್ಮದಲ್ಲಿ ಮೊದಲ ಸಲ ಒಂದು ಮಾತು ಅವಳ ಹೊಟ್ಟೆಯಲ್ಲಿ ರಾತ್ರಿ ಕಳೆಯಿತು. ಒಂದು ರಾತ್ರಿಯಲ್ಲ, ಹಲವು. ದಿನ ತುಂಬಿದ ಬಸುರಿಯಾದರೂ ಇಷ್ಟು ನರಳುವುದಿಲ್ಲ.

ಕೊನೆಗೆ ಅದೇ ಚೌಕಟ್ಟಿನ ಮುಂದೆ, ಹಾಸಿಗೆ ನಡುವೆ ನಿಂತಿರುವಾಗ, ಹತ್ತಕ್ಕ ದಬ್ಬಳ ಕೆಳಗಿಟ್ಟು ಹಾಸಿಗೆಗೆ ತಟ್ಟಿದಳು. ಆಚೆಯಿಂದ ತಟ್ಟು ಬಂತು.

"ದಬ್ಬಳ ಅಲ್ಲ ಕಣೋ, ಒಂದು ಮಾತು ಚುಚ್ತೀನಿ. ಮುಖ ಹಿಂದಕ್ಕೆ ಇಟ್ಕೋ."

ಆಚೆ ಅವನು ಹಿಂದಕ್ಕೆ ಸರಿದ ಸದ್ದು. ಆಮೇಲೆ ಇನ್ನೊಂದು ತಟ್ಟು.

ಅವಳು ಕಂಡದ್ದನ್ನು ಕಂಡಷ್ಟೇ ಹೇಳಿದಳು. ಎಡಗೈ ನಡುಗಿದ್ದು, ಬಲಗೈ ತಟ್ಟಿದ್ದು, ದಬ್ಬಳ ಓರೆಯಾಗಿ ಒಳಗೆ ಹೋದದ್ದು, ಆಮೇಲೆ ಬಿದ್ದದ್ದು. ಹೇಳುವುದು ಎಷ್ಟು ಬೇಗ ಮುಗಿಯಿತೆಂದು ಅವಳಿಗೇ ಆಶ್ಚರ್ಯವಾಯಿತು.

"ನಂಗೆ ಅದು ಗೊತ್ತೇ ಇಲ್ಲ" ಎಂದ ತಮ್ಮ.

"ಗೊತ್ತಿಲ್ಲ ಅಂತ ನಂಗೆ ಗೊತ್ತು."

"ಹಾಗಾದ್ರೆ ನಾಟಕಾನೇ ಅಲ್ವಾ ಅಕ್ಕ."

"ಥೂ ನಿನ್ನ. ನಿನ್ನ ಹೆಂಡ್ತಿ ಬಾಣಂತಿಯಾಗಿದ್ದಾಗ ಮಗೂನ ಮಗ್ಗುಲಲ್ಲಿ ಹಾಕ್ಕೊಂಡು ಮಲಗ್ತಿದ್ಲಲ್ಲ, ಒಂದು ದಿನಾನಾದ್ರೂ ಅದರ ಮೇಲೆ ಹೊರಳಿದ್ಲಾ? ಗೊರಕೆ ಹೊಡೀತಿದ್ಲು, ಹೆಂಚು ಹಾರೋ ಹಾಗೆ. ಗೊರಕೆ ನಾಟಕಾನಾ? ನಿದ್ದೇನೂ ನಿಜ, ಆ ಎಚ್ಚರಾನೂ ನಿಜ. ಬಿದ್ದೋನೂ ನೀನೇ. ನಂಗೆ ಚುಚ್ಚದ ಹಾಗೆ ನೋಡ್ಕೊಂಡೋನೂ ನೀನೇ."

ಅವನು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಅವಳಿಗೆ ಅದು ಕಾಣುತ್ತಿರಲಿಲ್ಲ, ಆದರೂ ಗೊತ್ತಾಯಿತು.

ಆಮೇಲೆ ಹಾಸಿಗೆಯ ಆಚೆಯಿಂದ ಮಾತು ಬಂತು. ಹತ್ತಕ್ಕ ಕೊಲೆಯೋ ಕಳ್ಳತನವೋ, ಏನಾದರೂ ದೊಡ್ಡದೇ ಬರುತ್ತದೆ ಎಂದು ಕಾದಳು. ಬಂದದ್ದು ಚಿಕ್ಕಚಿಕ್ಕವು.

"ಅಪ್ಪ ಹೋದ ದಿನ ನಾನು ಅಳಲಿಲ್ಲ. ಗಿರಾಕಿ ಬಂದಿದ್ರು. ಆಮೇಲೂ ಅಳೋಕೆ ಆಗ್ಲಿಲ್ಲ."

"ಹೂಂ."

"ಫೋನ್ ಬಡ್ಕೊಂಡ್ರೆ ಎದ್ದು ಓಡೋಣ ಅನ್ಸುತ್ತೆ. ಮೊದಲಿಂದ್ಲೂ."

"ಹೂಂ."

"ಮನೆ ತುಂಬ ಹಾಸಿಗೆ ಹಾಸಿದೀಯಲ್ಲ. ಅದರ ಮೇಲೆ ಕಾಲಿಟ್ಟಾಗೆಲ್ಲ, ನಾನು ಇನ್ನು ಏಳಲ್ಲ ಅಂತ ನೀವೆಲ್ಲ ತೀರ್ಮಾನ ಮಾಡಿದೀರ ಅನ್ಸುತ್ತೆ."

ಹತ್ತಿ ಹಗುರ ಅನ್ನುತ್ತಾರೆ. ಮಳೆಯಲ್ಲಿ ನೆನೆದ ಹತ್ತಿಯ ಮೂಟೆ ಎತ್ತಿದವರಿಗೆ ಗೊತ್ತು. ಇಂಥ ಎಳೆ ಎಳೆಯನ್ನೇ ಇಷ್ಟು ವರ್ಷ ಹೊತ್ತು, ಮೇಲೆ ಆಯ್ತು ಸಾರ್ ಎಂದು ತಲೆಯಾಡಿಸಿದ್ದ. ಬಿದ್ದದ್ದು ದೊಡ್ಡದಲ್ಲ, ಇಷ್ಟು ದಿನ ನಿಂತಿದ್ದನಲ್ಲ, ಅದು.

"ಇನ್ನೂ ಇದೆಯಾ?"

"ಇದೆ. ನಿಂಗೆ ಹೇಳಲ್ಲ."

"ಯಾಕೋ? ನಾನು ಹೊರಗಿನೋಳಾ?"

"ನಿಂಗೆ ಹೇಳಿದ್ರೆ ಸಂಜೆ ಹೊತ್ತಿಗೆ ಹತ್ತಾಗಿರುತ್ತೆ. ನಂಗೆ ಒಂದೇ ಹೊರೋಕಾಗ್ತಿಲ್ಲ ಅಕ್ಕ, ಹತ್ತು ಎಲ್ಲಿಂದ ಹೊರಲಿ?"

ಬೀದಿಯೆಲ್ಲ ಸೇರಿದರೂ ಬಾಯಿ ಮುಚ್ಚಿಸಲಾಗದ ಹತ್ತಕ್ಕನಿಗೆ ಅದು ತಟ್ಟದೆ ಚುಚ್ಚಿದ ದಬ್ಬಳ. ಸರಿಯಾಗಿ ಎದೆಗೇ ಬಂತು. ಸೀರೆಯ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ನನಗೆ ಬೇಡ. ಕೇಳೋಕೆ ಅಂತ ಆ ಡಾಕ್ಟರಮ್ಮ ಕೂತಿದಾಳಲ್ಲ, ಅವಳು ಒಂದನ್ನ ಎರಡೂ ಮಾಡಲ್ಲ" ಎಂದಳು.

"ಅವರನ್ನ ಒಂದು ಕೇಳ್ಬೇಕು" ಎಂದ ತಮ್ಮ. "ಆ ಹೊತ್ತಲ್ಲೂ ಈ ಕೈ ಅಷ್ಟು ಮಾಡುತ್ತೆ ಅಂದ್ರೆ, ಇದಕ್ಕೆ ಇನ್ನೂ ಏನಾದ್ರೂ ಕಲಿಸೋಕಾಗುತ್ತಾ ಅಂತ."

ಮತ್ತೆ ಹಾಸಿಗೆಗೆ ತಟ್ಟಿದ. ದಬ್ಬಳ ಈಚೆಗೆ ಬಂತು.

ಮರುದಿನ ಹಾಸಿಗೆಗಳೆಲ್ಲ ಮೆಟ್ಟಿಲಿನಿಂದ, ಅಡುಗೆಮನೆಯಿಂದ, ಬಚ್ಚಲಿನಿಂದ ಹೊರಬಿದ್ದವು. ತಮ್ಮನೇ ಒಂದೊಂದಾಗಿ ಎಳೆದು ಬಿಸಿಲಿಗೆ ಹಾಕಿದ. ಹತ್ತಕ್ಕ ಕೈ ಕಟ್ಟಿಕೊಂಡು ನಿಂತಿದ್ದಳು, ಅವಳ ಕೈಗಳನ್ನು ಕಟ್ಟಿಟ್ಟುಕೊಳ್ಳುವುದು ಗೂಳಿ ಕಟ್ಟಿದಷ್ಟೇ ಕಷ್ಟವಾಗಿತ್ತು. ಬೆಕ್ಕು ಬೀರುವಿನಿಂದ ಇಳಿದು, ನೆಲ ಮೂಸಿ, ತನ್ನದೇ ನೆಲವೆಂದು ಖಾತ್ರಿ ಮಾಡಿಕೊಂಡಿತು.

ಆಸ್ಪತ್ರೆಗೆ ಅಕ್ಕ ತಮ್ಮ ಇಬ್ಬರೇ ಹೋದರು. ದೊಡ್ಡ ರಸ್ತೆ ದಾಟುವಾಗ ಹತ್ತಕ್ಕ ಅವನ ರಟ್ಟೆ ಹಿಡಿಯಲಿಲ್ಲ, ಲಾರಿಗಳ ಬದಿಗೆ ತಾನು ನಡೆದಳು. ಡಾಕ್ಟರಮ್ಮನ ಬಾಗಿಲ ಮುಂದೆ ಅವನು ನಿಂತ. ಬೆರಳು ಮಡಚಿ ಬಡಿಯಲಿಲ್ಲ. ಅಂಗೈ ಬಿಚ್ಚಿ ಒಮ್ಮೆ ತಟ್ಟಿದ, ಮುಖವನ್ನು ಒಂದಿಷ್ಟು ಹಿಂದಕ್ಕೆ ತೆಗೆದುಕೊಂಡು ಕಾದ. ಒಳಗಿನಿಂದ "ಬನ್ನಿ" ಎಂದು ಕೇಳಿತು. ಹೋದ. ಬಾಗಿಲು ಮುಚ್ಚಿಕೊಂಡಿತು.

ಹತ್ತಕ್ಕ ಹೊರಗಿನ ಮರದ ಬೆಂಚಿನ ಮೇಲೆ ಕೂತಳು. ಗಟ್ಟಿ ಬೆಂಚು, ಒಂದು ದಿಂಬೂ ಇಲ್ಲ. ಒಳಗಿನ ಮಾತು ಕೇಳಿಸಲಿಲ್ಲ. ಕಿವಿ ಬಾಗಿಲಿಗೆ ಕೊಡಬಹುದಿತ್ತು, ಆ ಓಣಿಯಲ್ಲಿ ಯಾರೂ ಇರಲಿಲ್ಲ. ಎದ್ದು ಬೆಂಚಿನ ಆಚೆ ತುದಿಗೆ ಹೋಗಿ ಕೂತಳು.

ಆಮೇಲೂ ಅವನು ಬಿದ್ದ. ಆ ವಾರವೇ, ಬರಿ ನೆಲಕ್ಕೆ ಬಿದ್ದ. ಅವಳು ಪಕ್ಕದಲ್ಲಿ ಕೂತಳು, ಅದು ಬಂತು, ಹೋಯಿತು. ಮುಂದಿನ ವಾರ ಮತ್ತೆ ಆಸ್ಪತ್ರೆಗೆ ತಾನೇ ಚಪ್ಪಲಿ ಹಾಕಿಕೊಂಡ.

ಆಸ್ಪತ್ರೆಯಿಂದ ಆ ಮೊದಲ ದಿನ ತಿರುಗಿ ಬಂದಾಗಲೇ ಬೀಗದವನು ಅಂಗಡಿ ಬಿಟ್ಟು ಇಳಿದು ಬಂದಿದ್ದ. ಬಹಳ ದಿನದಿಂದ ಉಪವಾಸ ಬಿದ್ದಿದ್ದ ಕಿವಿ.

"ಏನಾಯ್ತು ಹತ್ತಕ್ಕ? ಏನ್ ಮಾಡಿದ್ರು?"

"ಬಾಗಿಲು ತಟ್ಟಿದ. ಒಳಗೆ ಹೋದ."

ಬೀಗದವನು ಕಾದ. ಉಳಿದದ್ದು ಬರುತ್ತದೆಂದು ಕಾಲು ಬದಲಿಸಿ ಕಾದ.

"ಆಮೇಲೆ?"

"ಅಷ್ಟೇ."

"ಅಷ್ಟೇನಾ?" ಎಂದ ಅವನು. "ಏನೋ ಮುಚ್ಚಿಡ್ತಿದೀಯ ಬಿಡು. ನೀನು ಹೇಳಿದ್ದರಲ್ಲಿ ನಾನು ಯಾವತ್ತೂ ಒಂದನ್ನೂ ನಂಬಿಲ್ಲ, ಆದ್ರೆ ಇಷ್ಟು ದೊಡ್ಡ ಸುಳ್ಳು ಮಾತ್ರ ಕೇಳಿರ್ಲಿಲ್ಲ."

ಹತ್ತಕ್ಕ ನಕ್ಕು ಒಳಗೆ ಹೋದಳು. ಚೌಕಟ್ಟಿನ ಆಚೆ ಬದಿಯಿಂದ ಆಗಲೇ ತಟ್ಟುವ ಸದ್ದು ಬರುತ್ತಿತ್ತು.